ಕಲ್ಲು ಆರಿಸುವ ಕಣ್ಣುಗಳು: ಕೋಡ್ ಪರಿಶೀಲನೆಯ ಚರಿತ್ರೆ, ಏಡಾ ಲವ್‌ಲೇಸ್‌ರಿಂದ ಎಐ ಸಹಾಯಕರವರೆಗೆ

ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಈಗ ಈ ಪ್ರಶ್ನೆ ಬಂದೇ ಬರುತ್ತದೆ: "ಮಗಳು ಐಟಿಯಲ್ಲಿದ್ದಾಳೆ, ಸೊಸೆನೂ ಐಟಿಯಲ್ಲೇ. ಈ ಎಐ ಬಂತಲ್ಲ, ಮುಂದೇನ್ರೀ?" ಕೋಡ್ ಬರೆಯುವ ಕೆಲಸವನ್ನು ಯಂತ್ರವೇ ಮಾಡುತ್ತದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅಷ್ಟಾಗಿ ಯಾರೂ ಮಾತಾಡದ, ಆದರೆ ನನಗೆ ಹೆಚ್ಚು ಮುಖ್ಯವೆನಿಸುವ ಇನ್ನೊಂದು ಬದಲಾವಣೆಯೂ ನಡೆಯುತ್ತಿದೆ. ಬರೆದ ಕೋಡನ್ನು ಓದಿ, ತಪ್ಪು ಹುಡುಕಿ, 'ಸರಿ, ಮುಂದಕ್ಕೆ ಹೋಗಲಿ' ಎನ್ನುವ ಕೆಲಸವೂ ಯಂತ್ರದ ಕೈಗೆ ಹೋಗುತ್ತಿದೆ. ಇದಕ್ಕೆ ಕೋಡ್ ರಿವ್ಯೂ ಎನ್ನುತ್ತಾರೆ. ಐಟಿಯ ಹೊರಗಿನ ನಮ್ಮ ಸದಸ್ಯೆಯರಿಗೆ ಹೇಳಬೇಕೆಂದರೆ ಇದು ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸುವ ಕೆಲಸ. ಅಡುಗೆ ಮಾಡಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಕಲ್ಲು ಆರಿಸಿದವರ ನೆನಪಾಗುವುದು ಹಲ್ಲಿಗೆ ಕಲ್ಲು ಸಿಕ್ಕಾಗ ಮಾತ್ರ.

ಈ ಕೆಲಸದ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಮೊದಲ ಪುಟದಲ್ಲೇ ಒಬ್ಬ ಹೆಣ್ಣುಮಗಳು ಸಿಗುತ್ತಾರೆ. ಇಂಗ್ಲೆಂಡಿನ ಏಡಾ ಲವ್‌ಲೇಸ್, ಕವಿ ಬೈರನ್ನನ ಮಗಳು. ಚಾರ್ಲ್ಸ್ ಬ್ಯಾಬೇಜ್ ಕಲ್ಪಿಸಿದ್ದ, ಕೊನೆಗೂ ಕಟ್ಟಿ ಮುಗಿಸದ ಗಣಕಯಂತ್ರದ ಬಗ್ಗೆ ಇಟಲಿಯ ಮೆನಾಬ್ರಿಯಾ ಫ್ರೆಂಚ್‌ನಲ್ಲಿ ಒಂದು ಲೇಖನ ಬರೆದಿದ್ದರು. 1843ರಲ್ಲಿ ಏಡಾ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ಮೂಲಕ್ಕಿಂತ ಉದ್ದವಾದ ಟಿಪ್ಪಣಿಗಳನ್ನು ಸೇರಿಸಿದರು. ಅವುಗಳಲ್ಲಿ ಕೊನೆಯದಾದ 'ಜಿ' ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಲೆಕ್ಕ ಹಾಕುವ ಕ್ರಮವಿದೆ. ಅದನ್ನೇ ಜಗತ್ತಿನ ಮೊದಲ ಪ್ರೋಗ್ರಾಮ್ ಎಂದು ಹಲವರು ಕರೆಯುತ್ತಾರೆ. ಅಷ್ಟು ಭಾಗ ನಮಗೆಲ್ಲ ಗೊತ್ತು. ಬ್ಯಾಬೇಜ್ 1864ರಲ್ಲಿ ಪ್ರಕಟಿಸಿದ ಆತ್ಮಕಥೆಯ ಒಂದು ಮಾತು ಅಷ್ಟು ಪ್ರಸಿದ್ಧವಲ್ಲ. ಆ ಬರ್ನೂಲಿ ಲೆಕ್ಕದ ಬೀಜಗಣಿತವನ್ನು, ಏಡಾಗೆ ಶ್ರಮ ತಪ್ಪಲಿ ಎಂದು, ತಾನೇ ಮಾಡಿಕೊಟ್ಟಿದ್ದಾಗಿಯೂ, ಅದರಲ್ಲಿ ತನ್ನಿಂದಾಗಿದ್ದ ಒಂದು ದೊಡ್ಡ ತಪ್ಪನ್ನು ಆಕೆ ಹಿಡಿದು ವಾಪಸು ಕಳಿಸಿದ್ದಾಗಿಯೂ ಅವರು ಬರೆದುಕೊಂಡಿದ್ದಾರೆ. ಹಾಗಿದ್ದರೆ ಏಡಾ ಮೊದಲ ಪ್ರೋಗ್ರಾಮರ್ ಹೌದೋ ಅಲ್ಲವೋ ಎಂಬ ವಾದ ಪಂಡಿತರಿಗಿರಲಿ, ಮೊದಲ ಪರಿಶೀಲಕಿ ಎಂಬ ಪಟ್ಟವನ್ನು ಧಾರಾಳವಾಗಿ ಕೊಡಬಹುದು. ತಮಾಷೆಯೆಂದರೆ, ಅಚ್ಚಾದ ಆ ಪಟ್ಟಿಯಲ್ಲೂ ಒಂದು ಕಲ್ಲು ಉಳಿದುಹೋಗಿದೆ. ನಾಲ್ಕನೇ ಹೆಜ್ಜೆಯಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿವೆ. ಅದು ಏಡಾ ಕೈತಪ್ಪೋ, ಅಚ್ಚಿನ ಮನೆಯದೋ, ಇವತ್ತಿಗೂ ಅಲ್ಲೇ ಇದೆ.

ನೂರು ವರ್ಷ ದಾಟಿ ಅಮೆರಿಕಕ್ಕೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಫಿರಂಗಿ ಗುಂಡಿನ ಹಾದಿಯನ್ನು ಕೈಯಲ್ಲಿ ಲೆಕ್ಕ ಹಾಕುತ್ತಿದ್ದ ಹೆಣ್ಣುಮಕ್ಕಳನ್ನೇ ಆಗ 'ಕಂಪ್ಯೂಟರ್' ಎಂದು ಕರೆಯುತ್ತಿದ್ದರು, ಅದು ಹುದ್ದೆಯ ಹೆಸರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳ ಎನಿಯಾಕ್ ಯಂತ್ರ ತಯಾರಾದಾಗ, ಅದಕ್ಕೆ ಲೆಕ್ಕ ಕಲಿಸಲು ಆರು ಮಂದಿಯನ್ನು ಆರಿಸಿದರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಪುಸ್ತಕವಿಲ್ಲ, ಪ್ರೋಗ್ರಾಮಿಂಗ್ ಭಾಷೆಯಿಲ್ಲ. ಯಂತ್ರದ ನಕ್ಷೆಗಳನ್ನು ಓದಿ, ತಂತಿ ಸಿಕ್ಕಿಸಿ, ಸ್ವಿಚ್ ತಿರುಗಿಸಿ ಕಲಿತರು. 1946ರ ಫೆಬ್ರುವರಿಯಲ್ಲಿ ಸಾರ್ವಜನಿಕ ಪ್ರದರ್ಶನ. ಹಿಂದಿನ ರಾತ್ರಿಯವರೆಗೂ ಒಂದು ತೊಂದರೆ ಹಾಗೇ ಇತ್ತು: ಗುಂಡು ನೆಲಕ್ಕೆ ಬಿದ್ದ ಮೇಲೂ ಲೆಕ್ಕ ನಿಲ್ಲುತ್ತಿಲ್ಲ, ಭೂಮಿಯೊಳಗೆ ಇಳಿಯುತ್ತಲೇ ಇದೆ! ಬೆಟ್ಟಿ ಸ್ನೈಡರ್ ಮನೆಗೆ ಹೋಗಿ ಮಲಗಿದರು. ಬೆಳಗ್ಗೆ ಎದ್ದಾಗ ಉತ್ತರ ತಲೆಯಲ್ಲಿತ್ತು. ಬಂದು ಒಂದೇ ಒಂದು ಸ್ವಿಚ್ಚನ್ನು ಒಂದು ಸ್ಥಾನ ತಿರುಗಿಸಿದರು, ಲೆಕ್ಕ ಸರಿಯಾಗಿ ನಿಂತಿತು. ಪ್ರದರ್ಶನ ಅದ್ಧೂರಿಯಾಗಿ ನಡೆಯಿತು. ರಾತ್ರಿ ಔತಣವೂ ಇತ್ತು. ಈ ಹೆಣ್ಣುಮಕ್ಕಳಿಗೆ ಆಮಂತ್ರಣ ಇರಲಿಲ್ಲ. ದಶಕಗಳವರೆಗೆ, ಯಂತ್ರದ ಮುಂದೆ ನಿಂತ ಅವರ ಫೋಟೋ ನೋಡಿದವರು ಅಂದಕ್ಕೆ ನಿಲ್ಲಿಸಿದ ರೂಪದರ್ಶಿಯರೆಂದುಕೊಂಡಿದ್ದೂ ಉಂಟು.

ಗ್ರೇಸ್ ಹಾಪರ್ ಹೆಸರಿನ ಜೊತೆ ಪತಂಗದ ಕತೆ ಅಂಟಿಕೊಂಡಿದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್-2 ಯಂತ್ರದ ರಿಲೇಯೊಳಗೆ ಸಿಕ್ಕ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿದ್ದರು. ಹುಡುಕಿದ್ದು ಹಾಪರ್ ಅಲ್ಲ, ಅವರ ಸಹೋದ್ಯೋಗಿಗಳು. 'ಬಗ್' ಎಂಬ ಪದವೂ ಅದಕ್ಕೂ ಹಳೆಯದು. ಹಾಪರ್ ಅದನ್ನು ಸೊಗಸಾಗಿ ಹೇಳುತ್ತಿದ್ದರು ಅಷ್ಟೆ. ಅವರ ನಿಜವಾದ ದೊಡ್ಡ ಕೆಲಸ 1952ರದ್ದು: ಎ-0 ಎಂಬ ಕಂಪೈಲರ್. ಅಲ್ಲಿಯವರೆಗೆ ಯಂತ್ರದ ಸೂಚನೆಗಳನ್ನು ಮನುಷ್ಯರು ಒಂದೊಂದಾಗಿ ನಕಲು ಮಾಡುತ್ತಿದ್ದರು, ನಕಲು ಮಾಡುವಾಗ ತಪ್ಪುತ್ತಿದ್ದರು. ಆ ಜೋಡಿಸುವ ಕೆಲಸವನ್ನು ಯಂತ್ರಕ್ಕೇ ಕೊಟ್ಟರೆ ಆಯಿತಲ್ಲ ಎಂದು ಹಾಪರ್ ಯೋಚಿಸಿದರು. ಮಾಡಿ ತೋರಿಸಿದ ಮೇಲೂ ಯಾರೂ ಅದನ್ನು ಮುಟ್ಟಲಿಲ್ಲ, ಕಂಪ್ಯೂಟರ್ ಬರೀ ಲೆಕ್ಕ ಮಾಡಬಲ್ಲದು, ಪ್ರೋಗ್ರಾಮ್ ಬರೆಯಲಾರದು ಎಂದರು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಇವತ್ತಿನ ಎಐ ಚರ್ಚೆ ಕೇಳುವಾಗ ನನಗೆ ಈ ಮಾತು ಮತ್ತೆ ಮತ್ತೆ ಜ್ಞಾಪಕಕ್ಕೆ ಬರುತ್ತದೆ. ಆದರೆ ಹೋಲಿಕೆಯನ್ನು ತೀರಾ ಎಳೆಯಲೂ ಬಾರದು. ಒಂದೇ ಕೋಡನ್ನು ಕಂಪೈಲರ್‌ಗೆ ನೂರು ಸಲ ಕೊಟ್ಟರೆ ನೂರು ಸಲವೂ ಒಂದೇ ಫಲ. ಎಐ ಸಹಾಯಕನಿಗೆ ಎರಡು ಸಲ ಕೊಟ್ಟರೆ ಎರಡು ಅಭಿಪ್ರಾಯ ಬರಬಹುದು.

ಇಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. 1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಸರಿಯೋ ತಪ್ಪೋ ನೋಡಬೇಕಲ್ಲ? ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಯೂನಿವ್ಯಾಕ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಅಷ್ಟು ದೊಡ್ಡ ಲೆಕ್ಕಕ್ಕೆ ವಿಶೇಷ ಪ್ರೋಗ್ರಾಮನ್ನೇ ಬರೆಯಬೇಕಾಯಿತು. ಹಾಪರ್ ತಮ್ಮ ಕಂಪೈಲರ್ ಬರೆದದ್ದೂ ಯೂನಿವ್ಯಾಕ್ ಹೆಸರಿನ ಯಂತ್ರಕ್ಕೇ. ಮನುಷ್ಯರ ತಪ್ಪನ್ನು ಯಂತ್ರ, ಯಂತ್ರದ ತಪ್ಪನ್ನು ಮನುಷ್ಯರು ನೋಡುವ ಈ ಕೊಡುಕೊಳ್ಳುವಿಕೆ ಅಷ್ಟು ಹಳೆಯದು.

ಕಲ್ಲು ಆರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾಹ್ಯಾಕಾಶದ ಚರಿತ್ರೆಯಲ್ಲಿ ದುಬಾರಿ ಉದಾಹರಣೆಗಳಿವೆ. 1962ರ ಜುಲೈ 22ರಂದು ಶುಕ್ರಗ್ರಹಕ್ಕೆ ಹೊರಟ ಮ್ಯಾರಿನರ್-1 ನೌಕೆ ದಾರಿ ತಪ್ಪಿತು. ಹಾರಿದ 293 ಸೆಕೆಂಡುಗಳಲ್ಲಿ ಅದನ್ನು ಆಕಾಶದಲ್ಲೇ ನಾಶಮಾಡಬೇಕಾಯಿತು. ಸಮೀಕರಣವನ್ನು ನಕಲು ಮಾಡುವಾಗ ಅಕ್ಷರದ ತಲೆಯ ಮೇಲಿನ ಒಂದು ಸಣ್ಣ ಗೆರೆ ಬಿಟ್ಟುಹೋಗಿತ್ತು.

ಚಂದ್ರನಿಗೆ ಹೋದ ಅಪೊಲೊ ನೌಕೆಗಳ ಕತೆ ಬೇರೆ. ಅವುಗಳ ಪ್ರೋಗ್ರಾಮನ್ನು ಅಕ್ಷರಶಃ ನೇಯ್ದಿದ್ದರು! ಪುಟ್ಟ ಕಾಂತೀಯ ಉಂಗುರಗಳ ಒಳಗೆ ತಂತಿ ಹಾದುಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಮ್ಯಾಸಚೂಸೆಟ್ಸ್‌ನ ವಾಲ್ತಮ್ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಹೆಂಗಸರು ಸೂಜಿ ಹಿಡಿದು ಕೂತು ಇದನ್ನು ಪೋಣಿಸುತ್ತಿದ್ದರು. ಒಮ್ಮೆ ನೇಯ್ದ ಮೇಲೆ ತಿದ್ದುವುದು ತೀರಾ ಕಷ್ಟ, ಆದ್ದರಿಂದ ನೇಯಲು ಕಳಿಸುವ ಮೊದಲೇ ಕೋಡ್ ಶುದ್ಧವಾಗಿರಬೇಕು. ಆ ಕೋಡಿನ ಹೊಣೆ ಹೊತ್ತ ಎಂಐಟಿ ತಂಡದ ಮುಖ್ಯಸ್ಥೆ ಮಾರ್ಗರೆಟ್ ಹ್ಯಾಮಿಲ್ಟನ್. ರಜಾದಿನಗಳಲ್ಲಿ ಪುಟ್ಟ ಮಗಳು ಲಾರೆನ್‌ಳನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರು. (ಮಗುವನ್ನು ಬಿಡಲು ಮನೆಯಲ್ಲಿ ಯಾರೂ ಇಲ್ಲದ ಊರಿನಲ್ಲಿ ಕೆಲಸಕ್ಕೆ ಹೋದ ನಮಗೆಲ್ಲ ಇದು ಗೊತ್ತಿರುವ ಪಾಡೇ.) ಆ ಮಗು ಒಂದು ದಿನ ಗಗನಯಾತ್ರಿಯ ಆಟವಾಡುತ್ತಾ ಗುಂಡಿಗಳನ್ನೊತ್ತಿ, ಹಾರಾಟದ ನಡುವೆ ಪಿ01 ಎಂಬ, ಉಡಾವಣೆಗೆ ಮುಂಚೆ ಮಾತ್ರ ನಡೆಸಬೇಕಾದ ಪ್ರೋಗ್ರಾಮನ್ನು ಚಾಲೂ ಮಾಡಿಬಿಟ್ಟಿತು. ಇಡೀ ವ್ಯವಸ್ಥೆ ಕುಸಿಯಿತು. ಇಂಥದ್ದನ್ನು ತಡೆಯುವ ಸಾಲುಗಳನ್ನು ಸೇರಿಸೋಣ ಎಂದು ಹ್ಯಾಮಿಲ್ಟನ್ ಕೇಳಿದರೆ, ನುರಿತ ಗಗನಯಾತ್ರಿಗಳು ಇಂಥ ತಪ್ಪು ಮಾಡುವುದೇ ಇಲ್ಲ ಎಂಬ ಉತ್ತರ ಬಂತು. 1968ರ ಡಿಸೆಂಬರಿನಲ್ಲಿ ಅಪೊಲೊ-8ರಲ್ಲಿ ಜಿಮ್ ಲವೆಲ್ ಅದೇ ಪಿ01 ಒತ್ತಿದರು. ದಿಕ್ಕಿನ ಮಾಹಿತಿಯೆಲ್ಲ ಅಳಿಸಿಹೋಯಿತು. ಅದನ್ನು ಮತ್ತೆ ತುಂಬಲು ನೆಲದ ಮೇಲಿನವರು ಗಂಟೆಗಟ್ಟಲೆ ಕೂರಬೇಕಾಯಿತು. ಆಮೇಲೆ ಆ ಸಾಲುಗಳಿಗೆ ಒಪ್ಪಿಗೆ ಸಿಕ್ಕಿತು.

ಇನ್ನೊಂದನ್ನು ಹೇಳುವಾಗ ಕೈ ನಡುಗುತ್ತದೆ. 1985ರಿಂದ 1987ರವರೆಗೆ ಅಮೆರಿಕ, ಕೆನಡಾಗಳಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಕೆಲವರು ಸತ್ತರು. ನಿರ್ವಾಹಕರು ಪರದೆಯ ಮೇಲೆ ತಿದ್ದುಪಡಿಯನ್ನು ಬಹಳ ಬೇಗ ಮಾಡಿದರೆ ಯಂತ್ರದ ಒಂದು ಭಾಗಕ್ಕೆ ಹೊಸ ಸೂಚನೆ ತಲುಪಿ, ಇನ್ನೊಂದಕ್ಕೆ ತಲುಪುತ್ತಿರಲಿಲ್ಲ. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು, ಸಾಫ್ಟ್‌ವೇರ್ ಇದೆಯಲ್ಲ ಎಂದು, ತೆಗೆದುಹಾಕಿದ್ದರು. ಆ ಸಾಫ್ಟ್‌ವೇರನ್ನು ಬರೆದದ್ದು ಒಬ್ಬರೇ. ಹೊರಗಿನ ಸ್ವತಂತ್ರ ಕಣ್ಣು ಅದನ್ನು ಓದಿರಲಿಲ್ಲ. 1993ರಲ್ಲಿ ಈ ಇಡೀ ಪ್ರಕರಣವನ್ನು ಬಿಡಿಸಿ ಬರೆದವರು ನ್ಯಾನ್ಸಿ ಲೆವ್‌ಸನ್ ಮತ್ತು ಕ್ಲಾರ್ಕ್ ಟರ್ನರ್. ಇಂದಿಗೂ ಸಾಫ್ಟ್‌ವೇರ್ ಸುರಕ್ಷತೆಯ ಪಾಠಗಳು ಅವರ ವರದಿಯಿಲ್ಲದೆ ನಡೆಯುವುದಿಲ್ಲ.

ಪರರ ಕೋಡನ್ನು ಓದುವುದಕ್ಕೆ ಒಂದು ಶಿಸ್ತು ಬೇಕು ಎಂಬ ವಿಚಾರ ಬಂದದ್ದು ಎಪ್ಪತ್ತರ ದಶಕದಲ್ಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ನಮ್ಮ ಗಾದೆಯನ್ನೇ ಜೆರಾಲ್ಡ್ ವೈನ್‌ಬರ್ಗ್ 1971ರ ತಮ್ಮ ಪುಸ್ತಕದಲ್ಲಿ ಬೇರೆ ಮಾತಿನಲ್ಲಿ ಹೇಳಿದರು: ತಾನು ಬರೆದದ್ದರ ತಪ್ಪು ತನಗೆ ಕಾಣದು, ಆದ್ದರಿಂದ 'ನಾನು' ಎಂಬುದನ್ನು ಬದಿಗಿಟ್ಟು ಇನ್ನೊಬ್ಬರಿಗೆ ತೋರಿಸಿ. 1976ರಲ್ಲಿ ಐಬಿಎಂನ ಮೈಕೆಲ್ ಫಾಗನ್ ಇದಕ್ಕೆ ವಿಧಿವಿಧಾನ ಹಾಕಿಕೊಟ್ಟರು. ಮೇಜಿನ ಸುತ್ತ ನಾಲ್ವರು. ಒಬ್ಬರು ಸಭೆ ನಡೆಸುವವರು, ಉಳಿದವರು ವಿನ್ಯಾಸಕಾರ, ಬರೆದವರು, ಪರೀಕ್ಷಿಸುವವರು. ಒಂದೊಂದೇ ಸಾಲು ಓದಬೇಕು. ತಪ್ಪು ಗುರುತಿಸಬೇಕು, ಅಲ್ಲೇ ತಿದ್ದಲು ಹೋಗಬಾರದು. ನಾನು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಕಾಲಕ್ಕೂ ಇದರ ಸಂತತಿಯೇ ನಡೆಯುತ್ತಿತ್ತು. ಹಸಿರು-ಬಿಳಿ ಪಟ್ಟಿಯ ಉದ್ದನೆಯ ಕಾಗದ, ಕೆಂಪು ಶಾಯಿಯ ಪೆನ್ನು, ತಣ್ಣಗಾದ ಚಹಾ.

ಇದೇ ಹೊತ್ತಿಗೆ ಯಂತ್ರದ ಮೊದಲ ಪರಿಶೀಲಕನೂ ಹುಟ್ಟಿದ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ 'ಲಿಂಟ್' ಎಂಬ ಉಪಕರಣ ತಂದರು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಳ್ಳುವ ನವಿರಾದ ಎಳೆ-ಜುಂಗು. ಸೀರೆ ಕೊಡವುವ ಹಾಗೆ ಕೋಡನ್ನು ಕೊಡವಿ ಜುಂಗನ್ನು ಉದುರಿಸುವುದು ಅದರ ಕೆಲಸ. ಹೆಸರಿಟ್ಟು ಬಳಸದೆ ಬಿಟ್ಟ ಚರಾಂಶ, ಎಂದೂ ತಲುಪದ ಸಾಲು, ಹೊಂದದ ವಿಧ. ಅದು ಕೊಟ್ಟ ನಿಯಮವನ್ನಷ್ಟೇ ನೋಡುತ್ತಿತ್ತು. ಕೋಡ್ ಏನು ಮಾಡಲು ಹೊರಟಿದೆ ಎಂಬುದು ಅದಕ್ಕೆ ಬೇಕಿರಲಿಲ್ಲ. ಮುಂದಿನ ನಲವತ್ತು ವರ್ಷ ಬಂದ ಉಪಕರಣಗಳೆಲ್ಲ, ಎಷ್ಟೇ ಜಾಣವಾಗಿದ್ದರೂ, ಹೆಚ್ಚುಕಡಿಮೆ ಇದೇ ಕುಲದವು.

ನಮ್ಮ ದೇಶ, ಅದರಲ್ಲೂ ಹೊರನಾಡ ಕನ್ನಡಿಗರು, ಈ ಕತೆಯೊಳಗೆ ಬರುವುದು ಪುಣೆಯ ಮೂಲಕ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು 'ಮಹಿಳೆಯರು ಅರ್ಜಿ ಹಾಕಬೇಕಿಲ್ಲ' ಎಂಬ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದು, ಟೆಲ್ಕೋ ಸೇರಿದ ಕತೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆಮೇಲೆ ಅವರು ಪುಣೆಯಲ್ಲೇ ವಾಲ್‌ಚಂದ್ ಸಮೂಹದಲ್ಲಿ ಸಿಸ್ಟಮ್ಸ್ ಅನಲಿಸ್ಟ್ ಆಗಿದ್ದರು. 1981ರಲ್ಲಿ ಇನ್ಫೋಸಿಸ್ ಶುರುವಾದದ್ದು ಪುಣೆಯಲ್ಲಿ, ಬೆಂಗಳೂರಿಗೆ ಬಂದದ್ದು 1983ರಲ್ಲಿ. ಪರದೇಶದ ಗಿರಾಕಿ ನಮ್ಮ ಮುಖ ನೋಡಿ ನಂಬುತ್ತಿರಲಿಲ್ಲ, ಪ್ರಮಾಣಪತ್ರ ಕೇಳುತ್ತಿದ್ದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ರೂಪಿಸಿದ ಸಿಎಂಎಂ ಎಂಬ ಐದು ಮೆಟ್ಟಿಲ ಮಾನದಂಡವನ್ನು ನಮ್ಮ ಕಂಪನಿಗಳು ಪಟ್ಟುಹಿಡಿದು ಹತ್ತಿದ್ದು ಅದಕ್ಕೇ. ಬೆಂಗಳೂರಿನ ಮೋಟರೋಲಾ ಘಟಕ ಐದನೇ ಮೆಟ್ಟಿಲು ಮುಟ್ಟಿದ ಜಗತ್ತಿನ ಮೊದಲ ಕೆಲವು ಘಟಕಗಳಲ್ಲಿ ಒಂದು. ಆ ಮಾನದಂಡದ ಮೂರನೇ ಮೆಟ್ಟಿಲಲ್ಲೇ ಸಹೋದ್ಯೋಗಿಗಳ ಪರಿಶೀಲನೆ ಕಡ್ಡಾಯ. ಹೀಗೆ ಒಬ್ಬರ ಕೋಡನ್ನು ಇನ್ನೊಬ್ಬರು ಓದುವುದು ನಮ್ಮ ಐಟಿಯ ದಿನಚರಿಯಾಯಿತು.

ಬಳಿಕ ವೈಟುಕೆ. ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದ ಹಳೆಯ ಕೋಡುಗಳು 2000 ಬಂದರೆ 1900 ಎಂದುಕೊಳ್ಳುವ ಭಯ. ಹೆಚ್ಚಿನವು ಕೋಬಾಲ್ ಭಾಷೆಯವು, ಅಂದರೆ ಹಾಪರ್ ಅವರ ಕೆಲಸದ ಬುನಾದಿಯ ಮೇಲೆ ಎದ್ದ ಭಾಷೆ. ಟಿಸಿಎಸ್‌ನಂಥ ಕಂಪನಿಗಳು ಕಾರ್ಖಾನೆಯ ಮಾದರಿಯಲ್ಲಿ ಕೆಲಸ ಹಂಚಿ, ಅನುಮಾನದ ಸಾಲುಗಳನ್ನು ಹುಡುಕಿಕೊಡುವ ಉಪಕರಣಗಳನ್ನೂ ತಯಾರಿಸಿದವು. ಉಪಕರಣ ತೋರಿಸಿದ್ದನ್ನು ಕೂತು ಓದಿ ತೀರ್ಮಾನಿಸುವವರು ಮನುಷ್ಯರು. 2000 ಅಧಿಕ ವರ್ಷವೋ ಅಲ್ಲವೋ ಎಂಬಂಥ ಸೂಕ್ಷ್ಮಗಳೂ ಇದ್ದವು: 100ರಿಂದ ಭಾಗವಾದರೆ ಅಧಿಕ ವರ್ಷವಲ್ಲ, ಆದರೆ 400ರಿಂದ ಭಾಗವಾದರೆ ಹೌದು. ಅರ್ಧ ನಿಯಮ ಗೊತ್ತಿದ್ದವರು ಬರೆದ ಕೋಡ್ ಫೆಬ್ರುವರಿ 29ನ್ನು ನುಂಗಿಹಾಕುತ್ತಿತ್ತು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಆ ವರ್ಷಗಳಲ್ಲಿ ರಾತ್ರಿ ಪಾಳಿ ಮಾಡಿದ ಹೆಣ್ಣುಮಕ್ಕಳಲ್ಲಿ ಹಲವರು ಇವತ್ತು ನಮ್ಮ ವೇದಿಕೆಯ ಸದಸ್ಯೆಯರು. ಯಾರೋ ಎಂದೋ ಬರೆದಿಟ್ಟು ಹೋದದ್ದನ್ನು ಓದಿ ಓದಿಯೇ ಅವರು ಕಸುಬು ಕಲಿತದ್ದು. ಜನವರಿ 1ರಂದು ಏನೂ ಆಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದ ಎಲ್ಲ ಬರೀ ಗುಲ್ಲು ಎಂದು ಜನ ನಕ್ಕರು.

ಹೊಸ ಶತಮಾನದಲ್ಲಿ ಮೇಜು ಹೋಗಿ ಪರದೆ ಬಂತು. 2005ರಲ್ಲಿ ಗಿಟ್, 2008ರಲ್ಲಿ ಗಿಟ್‌ಹಬ್. ಜಗತ್ತಿನ ಯಾವ ಮೂಲೆಯಿಂದಲೂ 'ಈ ಬದಲಾವಣೆ ತೆಗೆದುಕೊಳ್ಳಿ' ಎಂದು ಕೇಳಬಹುದು, ಯಾರು ಬೇಕಾದರೂ ಓದಿ ಟೀಕಿಸಬಹುದು. ಕಣ್ಣುಗಳು ಹೆಚ್ಚಿದಷ್ಟೂ ತಪ್ಪುಗಳು ತೆಳುವಾಗುತ್ತವೆ ಎಂಬ ನಂಬಿಕೆ ಆ ಕಾಲದ ಮಂತ್ರ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ಲೋಪ ಹೊರಬಿದ್ದಾಗ ಆ ನಂಬಿಕೆಗೆ ಪೆಟ್ಟು ಬಿತ್ತು. ಜಗತ್ತಿನ ಅರೆವಾಸಿ ವ್ಯವಹಾರವನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಉದ್ದವನ್ನು ಪರೀಕ್ಷಿಸುವ ಒಂದು ಸಣ್ಣ ಸಾಲು ಇರಲಿಲ್ಲ. ಆ ಕೋಡನ್ನು ಪರಿಶೀಲಕರೊಬ್ಬರು ಓದಿಯೇ ಒಪ್ಪಿದ್ದರು. ಎರಡು ವರ್ಷ ಯಾರಿಗೂ ಕಾಣಲಿಲ್ಲ. ಸಾವಿರ ಕಣ್ಣು ನೋಡಬಹುದು ಎಂಬುದು ಬೇರೆ, ನೋಡುತ್ತಿವೆ ಎಂಬುದು ಬೇರೆ.

ಪರಿಶೀಲನೆ ಎನ್ನುವುದು ಅಧಿಕಾರವೂ ಹೌದು. ಗಿಟ್‌ಹಬ್‌ನ ಲಕ್ಷಾಂತರ ಕೋರಿಕೆಗಳನ್ನು ನೋಡಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಟ್ಟಾರೆ ಹೆಂಗಸರ ಕೋಡು ಗಂಡಸರದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸ್ವೀಕಾರವಾಗುತ್ತದೆ ಎಂದು ಕಂಡುಕೊಂಡಿತು. ಆದರೆ ಆ ಯೋಜನೆಗೆ ಹೊರಗಿನವಳಾಗಿದ್ದು, ಹೆಣ್ಣೆಂದು ಗುರುತು ಸಿಗುವಂತಿದ್ದರೆ ಆ ಪ್ರಮಾಣ ಇಳಿಯುತ್ತದೆ ಎಂದೂ ಕಂಡುಕೊಂಡಿತು. ಆಫೀಸಿನಲ್ಲಿ ಒಂದೇ ಕೋಡಿಗೆ ಗಂಡುಹುಡುಗನಿಗೆ 'ಜಾಣ' ಎಂದೂ ಹೆಣ್ಣುಮಗಳಿಗೆ 'ಯಾರು ಹೇಳಿಕೊಟ್ಟರು?' ಎಂದೂ ಬಂದ ಪ್ರತಿಕ್ರಿಯೆಗಳನ್ನು ಕೇಳಿ ಬೆಳೆದ ನಮಗೆ ಇದಕ್ಕೆ ಅಂಕಿ-ಅಂಶ ಬೇಕಿರಲಿಲ್ಲ. ಇದ್ದರೆ ಒಳ್ಳೆಯದೇ.

ಇಷ್ಟು ಹಿನ್ನೆಲೆಯಲ್ಲಿ ಎಐ ಸಹಾಯಕರನ್ನು ನೋಡಬೇಕು. 2017ರಲ್ಲಿ ಗೂಗಲ್‌ನ ಎಂಟು ಮಂದಿ ಟ್ರಾನ್ಸ್‌ಫಾರ್ಮರ್ ಎಂಬ ರಚನೆಯ ಬಗ್ಗೆ ಪ್ರಬಂಧ ಬರೆದರು. ಆ ಎಂಟರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ನಿಕಿ ಪರ್ಮಾರ್ ಕೂಡ ಒಬ್ಬರು. ಅದು ಮೊದಲು ಹೊರಟದ್ದು ಭಾಷಾಂತರಕ್ಕಾಗಿ. ಅದೇ ರಚನೆಯ ಮಾದರಿಗಳಿಗೆ ಕೋಡನ್ನು ಓದಿಸಿದಾಗ ಕೋಡೂ ಬರೆಯತೊಡಗಿದವು. 2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್ ಪ್ರಾಯೋಗಿಕವಾಗಿ ಬಂತು, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ. ಮೊದಮೊದಲು ಅರ್ಧ ಸಾಲು ಬರೆದರೆ ಮುಂದಿನರ್ಧ ಸೂಚಿಸುತ್ತಿದ್ದವು. ಈಗ ಇಡೀ ಬದಲಾವಣೆಯನ್ನು ಓದಿ, ಸುತ್ತಲಿನ ಕಡತಗಳನ್ನೂ ನೋಡಿ, ಮನುಷ್ಯ ಪರಿಶೀಲಕರಂತೆ ಸಾಲಿನ ಪಕ್ಕ ಟಿಪ್ಪಣಿ ಬರೆಯುತ್ತವೆ.

ಎಲ್ಲ ಕೆಲಸಕ್ಕೂ ಒಬ್ಬನೇ ಸಹಾಯಕ ಎಂಬ ಹಂತವೂ ದಾಟಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಸಹಾಯಕ: ಭದ್ರತೆಯ ಲೋಪ ಮಾತ್ರ ನೋಡುವುದು ಒಂದು, ಪರೀಕ್ಷೆಗಳು ಸಾಕಷ್ಟಿವೆಯೇ ಎಂದು ನೋಡುವುದು ಒಂದು, ದತ್ತಸಂಚಯದ ಪ್ರಶ್ನೆಗಳು ನಿಧಾನವಾಗುತ್ತವೆಯೇ ಎಂದು ನೋಡುವುದು ಇನ್ನೊಂದು. ಬೇರೆ ಬೇರೆ ಮಾದರಿಗಳೇ ಆಗಬೇಕೆಂದಿಲ್ಲ. ಎಷ್ಟೋ ಸಲ ಒಂದೇ ಮಾದರಿಗೆ ಬೇರೆ ಬೇರೆ ಸೂಚನೆ, ಬೇರೆ ಬೇರೆ ಉಪಕರಣ ಕೊಟ್ಟಿರುತ್ತಾರೆ. ಫಾಗನ್ ಅವರ ಮೇಜಿನ ಸುತ್ತಲಿನ ನಾಲ್ಕು ಪಾತ್ರಗಳೇ ಮತ್ತೆ ವೇಷ ಹಾಕಿ ಬಂದಿವೆ ಎನ್ನಬಹುದು. ಆದರೆ ವೇಷ ನಾಲ್ಕು, ವೇಷಧಾರಿ ಒಬ್ಬನೇ. ಬರೆದದ್ದೂ ಅದೇ ಮಾದರಿ, ಓದಿದ್ದೂ ಅದೇ ಮಾದರಿಯಾದರೆ, ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡಂತೆ. ಒಂದಕ್ಕೆ ಕಾಣದ್ದು ಇನ್ನೊಂದಕ್ಕೂ ಕಾಣದೆ ಹೋಗಬಹುದು.

ಲಿಂಟ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದ್ದೇ ಉದಾಹರಣೆಯಿಂದ ಹೇಳುತ್ತೇನೆ. ಸಂಘದ ಸದಸ್ಯತ್ವ ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರವನ್ನು ವೃತ್ತದೊಳಗೆ ತೋರಿಸುವ ಕೋಡ್ ಇದೆಯೆನ್ನಿ. 'ಶ್ರೀದೇವಿ' ಎಂಬ ಹೆಸರಿನ ಮೊದಲಕ್ಷರ ನಮಗೆ 'ಶ್ರೀ'. ಯೂನಿಕೋಡ್ ಲೆಕ್ಕದಲ್ಲಿ ಅದು ನಾಲ್ಕು ಸಂಕೇತ: ಶ, ಹಲಂತದ ಚಿಹ್ನೆ, ರ, ದೀರ್ಘ ಈಕಾರದ ಚಿಹ್ನೆ. ಮೊದಲ ಸಂಕೇತವನ್ನಷ್ಟೇ ತೆಗೆದುಕೊಳ್ಳುವ ಕೋಡು ಬರೀ 'ಶ' ತೋರಿಸುತ್ತದೆ. ನಿಯಮದ ಪ್ರಕಾರ ಕೋಡಿನಲ್ಲಿ ತಪ್ಪೇ ಇಲ್ಲ, ಆದ್ದರಿಂದ ಲಿಂಟ್ ಸುಮ್ಮನಿರುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ನೋಡಿದ ಪರಿಶೀಲಕನಿಗೂ ತಿಳಿಯದು. 'ಇಲ್ಲಿ ಕನ್ನಡ ಹೆಸರುಗಳು ಬರುತ್ತವೆ' ಎಂದು ಒಂದು ಸಾಲು ತಿಳಿಸಿಟ್ಟರೆ ಎಐ ಸಹಾಯಕ ಇದನ್ನು ಹಿಡಿಯುವ ಸಾಧ್ಯತೆ ಬಹಳ. ತಿಳಿಸದಿದ್ದರೆ ಹಿಡಿಯಬಹುದು, ಹಿಡಿಯದೆಯೂ ಇರಬಹುದು. ಆ ಒಂದು ಸಾಲು ತಿಳಿಸಬೇಕೆಂದು ಹೊಳೆಯುವುದು ಶ್ರೀದೇವಿಯರನ್ನು ಬಲ್ಲವರಿಗೆ.

ಇವುಗಳಿಗೆ ದಣಿವಿಲ್ಲ, ಮುನಿಸಿಲ್ಲ. ಹೊಸಬಳು ರಾತ್ರಿ ಎರಡು ಗಂಟೆಗೆ ದಡ್ಡ ಪ್ರಶ್ನೆ ಕೇಳಿದರೂ 'ಇದೂ ಗೊತ್ತಿಲ್ಲವಾ?' ಎನ್ನುವುದಿಲ್ಲ. ಎಷ್ಟೋ ಹುಡುಗಿಯರಿಗೆ ಇದೊಂದೇ ದೊಡ್ಡ ಉಪಕಾರ. ಆದರೆ ಇಲ್ಲದ ಗ್ರಂಥಾಲಯದ ಹೆಸರನ್ನು ಇದೆಯೆಂದೇ ಹೇಳುವ ಧೈರ್ಯವೂ ಇವುಗಳಿಗಿದೆ. 2021ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಭದ್ರತೆಗೆ ಸಂಬಂಧಿಸಿದ 89 ಸನ್ನಿವೇಶಗಳನ್ನು ಕೋಪೈಲಟ್‌ಗೆ ಕೊಟ್ಟು 1,689 ಪ್ರೋಗ್ರಾಮ್ ಬರೆಸಿದಾಗ, ಸುಮಾರು 40 ಶೇಕಡಾದಲ್ಲಿ ಲೋಪಗಳಿದ್ದವು. ಅದು ಹಳೆಯ ಮಾದರಿ, ಈಗಿನವು ಸುಧಾರಿಸಿವೆ. 2025ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಕುತೂಹಲ ತಂದಿತು. ಮೀಟರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಪ್ರೋಗ್ರಾಮರುಗಳಿಗೆ, ಅವರು ವರ್ಷಗಳಿಂದ ಬಲ್ಲ ಯೋಜನೆಗಳಲ್ಲೇ, 246 ಕೆಲಸಗಳನ್ನು ಕೊಟ್ಟಿತು. ಎಐ ಬಳಸಿದಾಗ ಕೆಲಸಕ್ಕೆ 19 ಶೇಕಡಾ ಹೆಚ್ಚು ಸಮಯ ಹಿಡಿಯಿತು. ಅವರಿಗೆ ಮಾತ್ರ 20 ಶೇಕಡಾ ಬೇಗ ಮುಗಿಸಿದೆವು ಎಂದೇ ಅನ್ನಿಸಿತ್ತು! ಹದಿನಾರೇ ಜನ, ಆ ವರ್ಷದ ಉಪಕರಣಗಳು, ಇದನ್ನೇ ಶಾಸನವೆಂದುಕೊಳ್ಳಬೇಕಿಲ್ಲ. ಅನಿಸಿಕೆಗೂ ಗಡಿಯಾರಕ್ಕೂ ಇಷ್ಟು ಅಂತರವಿದೆಯಲ್ಲ, ಯೋಚಿಸಬೇಕಾದದ್ದು ಅದು.

ಕರ್ಲ್ ಎಂಬ ಮುಕ್ತ ತಂತ್ರಾಂಶದ ಅನುಭವ ಎರಡೂ ಬದಿಯನ್ನು ತೋರಿಸುತ್ತದೆ. ಜಾಲದಿಂದ ಮಾಹಿತಿ ತರುವ ಈ ಪುಟ್ಟ ಉಪಕರಣ ಫೋನು, ಕಾರು, ಟಿವಿ ಎಲ್ಲದರೊಳಗೂ ಕೂತಿದೆ. ಅದರ ರೂವಾರಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬಳಸಿ ಬರೆದ ಸುಳ್ಳು ದೋಷವರದಿಗಳ ಪ್ರವಾಹದಿಂದ ತಮ್ಮ ತಂಡ ಸೋತುಹೋಗಿದೆ ಎಂದು ಮತ್ತೆ ಮತ್ತೆ ಬರೆದರು. ಓದಲು ಚೆಂದ, ಒಳಗೆ ಹುರುಳಿಲ್ಲ. ಸುಳ್ಳೆಂದು ತೋರಿಸಲು ಮನುಷ್ಯರ ಗಂಟೆಗಳು ಹಾಳು. 2025ರಲ್ಲೇ ಇನ್ನೊಬ್ಬ ಸಂಶೋಧಕರು ಎಐ ಆಧಾರಿತ ವಿಶೇಷ ಉಪಕರಣಗಳಿಂದ ಅದೇ ಕೋಡನ್ನು ಶೋಧಿಸಿ, ಬಂದದ್ದನ್ನು ತಾವೇ ಕೂತು ನೋಡಿ ಪಟ್ಟಿ ಕಳಿಸಿದಾಗ, ಹತ್ತಾರು ನಿಜವಾದ ತಪ್ಪುಗಳು ಸಿಕ್ಕವು. ಸ್ಟೆನ್‌ಬರ್ಗ್ ಅದನ್ನು ಮನಸಾರೆ ಮೆಚ್ಚಿದರು. ಎರಡು ಕಡೆಯೂ ಎಐ ಇತ್ತು. ಒಂದು ಕಡೆ ಮಾತ್ರ ಕಳಿಸುವ ಮುಂಚೆ ಮೊರ ಹಿಡಿದವರೊಬ್ಬರಿದ್ದರು.

ನನ್ನ ಚಿಂತೆ ಆ ಮೊರ ಹಿಡಿಯುವವರು ಮುಂದೆ ಎಲ್ಲಿಂದ ಬರುತ್ತಾರೆ ಎಂಬುದು. ಪರಿಶೀಲನೆಯನ್ನು ನಾವು ತಪ್ಪು ಹುಡುಕುವ ಕೆಲಸವೆಂದೇ ಕರೆದೆವು. ಅದು ನಡೆಯುತ್ತಿದ್ದಾಗ ಬೇರೆ ಒಂದೂ ನಡೆಯುತ್ತಿತ್ತು: ಹಿರಿಯಳು ಕಿರಿಯಳಿಗೆ, ಪಾಠವೆಂದು ಹೇಳದೆಯೇ, ಪಾಠ ಮಾಡುತ್ತಿದ್ದಳು. "ಇಲ್ಲಿ ಯಾಕಮ್ಮಾ ಹೀಗೆ ಬರೆದೆ?" ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಕಿರಿಯಳು ಇಂಜಿನಿಯರ್ ಆಗುತ್ತಿದ್ದಳು. ಈಗ ಟಿಪ್ಪಣಿ ಬರೆಯುವುದು ಸಹಾಯಕ, ತಿದ್ದುವ ಸಾಲನ್ನು ಸೂಚಿಸುವುದೂ ಸಹಾಯಕ, ಹುಡುಗಿ ಒಂದು ಗುಂಡಿ ಒತ್ತಿದರೆ ತಿದ್ದುಪಡಿ ಮುಗಿಯಿತು. ಹಿರಿಯಳಿಗೆ ಓದುವ ಹೊರೆ ಕಡಿಮೆಯಾಯಿತು, ನಿಜ. ಕೆಲವು ತಂಡಗಳಲ್ಲಿ ಸಹಾಯಕನ ಟಿಪ್ಪಣಿಯನ್ನು ಕಿರಿಯರು ಒಪ್ಪಿದರೆ ಯಾಕೆ, ತಳ್ಳಿದರೆ ಯಾಕೆ ಎಂದು ಎರಡು ಸಾಲು ಬರೆಯಲೇಬೇಕು ಎಂಬ ಪದ್ಧತಿ ಇಟ್ಟುಕೊಂಡಿದ್ದಾರೆ. ಸಮಯ ಹಾಳು ಎಂದು ಮ್ಯಾನೇಜರುಗಳು ಗೊಣಗುತ್ತಾರೆ. ನನಗಂತೂ ಅದು ಈ ಹೊತ್ತಿನ ಅತ್ಯಂತ ವಿವೇಕದ ಖರ್ಚು ಎನಿಸುತ್ತದೆ. ನಿಮ್ಮ ಮಗಳೋ ಸೊಸೆಯೋ ಅಂಥ ತಂಡದಲ್ಲಿದ್ದರೆ ಅದೃಷ್ಟವಂತಳು.

ಲಿನಕ್ಸ್ ಕರ್ನಲ್ ಕಟ್ಟುವವರಲ್ಲಿ 2004ರಿಂದ ಒಂದು ಪದ್ಧತಿ ಇದೆ. ಪ್ರತಿ ಬದಲಾವಣೆಯ ಕೆಳಗೂ ಕಳಿಸಿದವರು ತಮ್ಮ ಹೆಸರಿನಲ್ಲಿ 'ಸೈನ್ಡ್-ಆಫ್-ಬೈ' ಎಂಬ ಸಾಲು ಹಾಕಬೇಕು. ಇದನ್ನು ಕೊಡುವ ಹಕ್ಕು ನನಗಿದೆ, ಹೊಣೆ ನನ್ನದು ಎಂದು ಅದರ ಅರ್ಥ. ಎಐ ಸಹಾಯಕರ ಬಗ್ಗೆ ಅವರು ಈಚೆಗೆ ತಮ್ಮ ನಿಯಮಾವಳಿಗೆ ಸೇರಿಸಿದ ಭಾಗ ಚಿಕ್ಕದು. ಸಹಾಯಕನನ್ನು ಬಳಸಿದ್ದರೆ 'ಅಸಿಸ್ಟೆಡ್-ಬೈ' ಎಂಬ ಬೇರೆ ಸಾಲಿನಲ್ಲಿ ಅದರ ಹೆಸರು ಬರೆಯಿರಿ. ಸಹಿಯ ಸಾಲನ್ನು ಅದು ಹಾಕುವಂತಿಲ್ಲ, ಅಲ್ಲಿ ಮನುಷ್ಯರ ಹೆಸರೇ ಬರಬೇಕು.